ಕಂಡಕ್ಟರಮ್ಮ ಕಟ್ಟಿದ ಪಂದ್ಯ

ಒಂದು ಮೂಲಂಗಿ ಕೀಳುವುದಕ್ಕೆ ಕಟ್ಟಡವೆಲ್ಲ ಸಾಕ್ಷಿಗೆ ಬರಬೇಕು ಎನ್ನುವವರನ್ನು ನೀವು ನೋಡಿದ್ದೀರೋ ಇಲ್ಲವೋ. ಕಂಡಕ್ಟರಮ್ಮ ಅಂಥವಳು. ವಾರದ ರಜೆಯ ಆ ಬೆಳಿಗ್ಗೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಕೂದಲನ್ನು ಗಂಟು ಹಾಕಿಕೊಂಡು, ಮೂರನೇ ಮಹಡಿಯಿಂದ ಮೆಟ್ಟಿಲು ಇಳಿಯುತ್ತ ಒಂದೊಂದು ಬಾಗಿಲನ್ನೂ ಬಡಿದಳು.

"ಇಳೀರಿ, ಇಳೀರಿ! ಬೇಗ ಇಳೀರಿ! ಮೂಲಂಗಿ ಕೀಳ್ತಾ ಇದೀನಿ!"

ಇಪ್ಪತ್ತು ವರ್ಷ ಬಸ್ಸಿನಲ್ಲಿ ಜನರನ್ನು ಹತ್ತಿಸಿ ಇಳಿಸಿದ ಗಂಟಲು ಅದು. ಕೇಳಿಯೂ ಕೇಳದ ಹಾಗೆ ಹೊದ್ದು ಮಲಗುವುದು ಯಾರಿಂದಲೂ ಆಗುವ ಕೆಲಸವಲ್ಲ. ಎಂಟು ಮನೆಯವರೂ ಕಣ್ಣುಜ್ಜಿಕೊಂಡು ಹಿತ್ತಲಿಗೆ ಬಂದು ನಿಂತರು. ಅವಳ ಅತ್ತೆಗೆ ಮಂಡಿನೋವು, ಇಳಿಯಲಾರರು. ಅವರು ಮೇಲಿನ ಅಡುಗೆಮನೆಯ ಕಿಟಕಿಯಲ್ಲೇ ಹಾಜರಿ ಹಾಕಿದರು.

ಮೂಲಂಗಿ ಸೊಪ್ಪು ಮೊಣಕಾಲುದ್ದ ಬೆಳೆದಿತ್ತು. ಎಲೆಯೇ ಇಷ್ಟಿದ್ದರೆ ಕೆಳಗಿನ ಗಡ್ಡೆ ಎಷ್ಟಿರಬೇಡ! ತೋಳಿನಷ್ಟು ದಪ್ಪ ಎಂದು ತನ್ನ ಬಸ್ಸಿನ ಡ್ರೈವರಿಗೆ ಅವಳು ಆಗಲೇ ಸಾರಿಯೂ ಆಗಿತ್ತು. ಕಾಲೂರಿ, ಸೊಪ್ಪನ್ನು ಬುಡಕ್ಕೆ ಹಿಡಿದು, ಹಲ್ಲು ಕಚ್ಚಿ ಎಳೆದಳು. ಅಷ್ಟು ಬಲ ಬೇಕಾಗಿರಲಿಲ್ಲ. ಮೂಲಂಗಿ ಪುಸಕ್ಕನೆ ಕಿತ್ತುಬಂತು, ಕಂಡಕ್ಟರಮ್ಮ ಹಿಂದಕ್ಕೆ ಬಿದ್ದು ಒದ್ದೆ ಮಣ್ಣಿನಲ್ಲಿ ಕೂತಳು. ಕೈಯಲ್ಲಿ ತೋಳ್ತುಂಬ ಸೊಪ್ಪು. ಅದರ ಕೆಳಗೆ ಕಿರುಬೆರಳಿಗಿಂತ ಸಣ್ಣದೊಂದು ಬಿಳಿ ಬೇರು.

ಯಾರೂ ನಗಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯ ಜನ. ಮೇಲಿನಿಂದ ಅತ್ತೆಯ ದನಿ ಮಾತ್ರ ಕೇಳಿತು.

"ಬೆಟ್ಟ ಅಗೆದು ಇಲಿ ಹಿಡಿದೋರ್ನ ಕೇಳಿದ್ದೆ ಕಣೇ. ಬರೀ ಬಾಲ ಹಿಡಿದೋರ್ನ ಇವತ್ತೇ ನೋಡಿದ್ದು!"

ಆಗ ಎಲ್ಲರೂ ನಕ್ಕರು. ಕಂಡಕ್ಟರಮ್ಮನೂ ನಕ್ಕಳು. ಆದರೆ ನಗುತ್ತಲೇ ಹಣೆಯ ಬೆವರು ಒರೆಸಿಕೊಂಡಳು. ಅದಕ್ಕೆ ಕಾರಣ ಬೇರೆಯೇ ಇತ್ತು, ಅದನ್ನು ಹೇಳದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ.

ಈ ಹಿತ್ತಲು ಯಾರೊಬ್ಬರದ್ದೂ ಅಲ್ಲ, ಎಂಟೂ ಮನೆಗಳದ್ದು. ಎಲ್ಲರದ್ದೂ ಎಂದರೆ ಯಾರದ್ದೂ ಅಲ್ಲ ಎಂದೇ ಅರ್ಥ. ಕಾಲು ಮುರಿದ ಕುರ್ಚಿ, ತುಕ್ಕು ಹಿಡಿದ ಸೈಕಲ್ಲು, ಯಾರೋ ಬಿಟ್ಟುಹೋದ ಬಾಗಿಲುಗಳು, ಇವುಗಳ ಸ್ಮಶಾನವಾಗಿತ್ತು ಅದು. ಕಂಡಕ್ಟರಮ್ಮ ಒಬ್ಬಳೇ ರಜೆ ರಜೆಗೂ ಕಸ ಹೊತ್ತು, ಕಲ್ಲು ಆರಿಸಿ, ಮಣ್ಣು ಹದ ಮಾಡಿ ತರಕಾರಿ ಹಾಕಿದಳು. ಏಕೆ ಇಷ್ಟೊಂದು ಹುಚ್ಚು ಎಂದು ಯಾರೋ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಇದು: "ಬಸ್ಸಲ್ಲಿ ನಾನು ಹತ್ತಿಸಿದೋರೆಲ್ಲ ಇಳ್ದು ಹೋಗ್ತಾರೆ. ಒಬ್ರಾದ್ರೂ ನಿಲ್ತಾರಾ? ಇಲ್ಲಿ ನೆಟ್ಟಿದ್ದು ನೆಟ್ಟ ಜಾಗದಲ್ಲೇ ಇರುತ್ತೆ. ಸಾಯಂಕಾಲ ಬಂದ್ರೆ ನನಗೋಸ್ಕರ ಕಾಯ್ತಾ ಇರುತ್ತೆ."

ಅವಳು ಹೇಳದೆ ಬಿಟ್ಟ ಕಾರಣ ಇನ್ನೊಂದಿತ್ತು. ಅವಳ ಗಂಡ ಬೇಕರಿಯಲ್ಲಿ ಬ್ರೆಡ್ ಸುಡುವವನು. ಊರು ಏಳುವ ಮುಂಚೆ ಅವನ ಒಲೆ ಏಳಬೇಕು. ಮಧ್ಯಾಹ್ನ ಬಂದು ಮಲಗಿದರೆ ಸಂಜೆಗೆ ಏಳುತ್ತಿದ್ದ. ಅವಳು ಡ್ಯೂಟಿ ಮುಗಿಸಿ ಬರುವುದೂ ಸಂಜೆಗೇ. ಇಬ್ಬರೂ ಕಣ್ಣು ಬಿಟ್ಟುಕೊಂಡು ಒಟ್ಟಿಗೆ ಇರುತ್ತಿದ್ದದ್ದು ಆ ಒಂದು ಹೊತ್ತು, ಈ ಹಿತ್ತಲಿನಲ್ಲಿ, ರಿಪೇರಿ ಮಾಡಿದ ಎರಡು ಹಳೆಯ ಕುರ್ಚಿಗಳ ಮೇಲೆ. ಅವರ ಸಂಸಾರ ನಡೆಯುತ್ತಿದ್ದದ್ದು ಅಲ್ಲೇ ಎನ್ನಿ. ಜಗಳವೂ ಅಲ್ಲೇ, ರಾಜಿಯೂ ಅಲ್ಲೇ.

ಹಿಂದಿನ ವರ್ಷಗಳಲ್ಲೆಲ್ಲ ಬೆಳೆ ಕೈ ಹಿಡಿದಿತ್ತು. ಈ ಸಲ ಬಿತ್ತನೆಗೆ ಮುಂಚೆ ಕಟ್ಟಡದ ಸೆಕ್ರೆಟರಿ ಮೀಟಿಂಗಿನಲ್ಲಿ ಒಂದು ಮಾತು ಎತ್ತಿದರು: ಹಿತ್ತಲಿಗೆ ಸಿಮೆಂಟು ಹಾಕಿಸಿದರೆ ಎಲ್ಲರ ಗಾಡಿಗೂ ಜಾಗವಾಗುತ್ತದೆ. ಸೆಕ್ರೆಟರಿ ಕೆಟ್ಟವರಲ್ಲ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಅಂಗಡಿಯವರ ತಕ್ಕಡಿ ಪರೀಕ್ಷಿಸಿ ಪರೀಕ್ಷಿಸಿ ಅವರ ನಾಲಿಗೆಯೇ ತಕ್ಕಡಿ ಮುಳ್ಳಿನ ಹಾಗೆ ನೆಟ್ಟಗಾಗಿತ್ತು. "ಒಬ್ಬರ ತರಕಾರಿಗೆ ಎಂಟು ಮನೆಯ ಜಾಗ, ಇದು ಸಮ ಅಲ್ಲ" ಎಂದರು. ಮಾತು ನ್ಯಾಯವಾಗಿಯೇ ಇತ್ತು. ನ್ಯಾಯದ ಮಾತಿಗೆ ಸಿಟ್ಟು ಹೆಚ್ಚು ಬರುತ್ತದೆ. ಕಂಡಕ್ಟರಮ್ಮ ಎದ್ದು ನಿಂತು ಕೈ ಚಾಚಿಯೇಬಿಟ್ಟಳು.

"ಒಬ್ಬರ ತರಕಾರಿ ಅಂದ್ರಲ್ಲ ಸಾರ್? ಈ ಬೆಳೆ ಮುಗಿಯೋದ್ರೊಳಗೆ, ಮುಂದಿನ ಮೀಟಿಂಗಿನ ದಿನಕ್ಕೆ, ಪ್ರತಿ ಮನೆಗೂ ಈ ಹಿತ್ತಲ ತರಕಾರಿ ಮುಟ್ಟಿಸ್ತೀನಿ. ಮುಟ್ಟಿಸದೆ ಇದ್ರೆ ಸಿಮೆಂಟು ಹಾಕ್ಸಿ. ಗಾರೆ ನಾನೇ ಕಲಸಿ ಕೊಡ್ತೀನಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೆಕ್ರೆಟರಿ ಎದ್ದು ಅವಳ ಕೈ ಕುಲುಕಿದರು.

ಈಗ ಮೂಲಂಗಿಯ ಬಾಲ ಹಿಡಿದು ಅವಳು ಯಾಕೆ ಬೆವರಿದಳು ಎಂಬುದು ನಿಮಗೆ ತಿಳಿಯಿತಲ್ಲ. ಮೂಲಂಗಿಯದೊಂದೇ ಅಲ್ಲ. ಟೊಮೇಟೊ ಗಿಡ ಮರದ ಹಾಗೆ ಹಬ್ಬಿ, ಹೂವು ಬಿಟ್ಟಂತೆ ಮಾಡಿ, ಎಲ್ಲವನ್ನೂ ಉದುರಿಸಿತ್ತು. ಬದನೆಯ ಎಲೆ ಹಳದಿಗೆ ತಿರುಗಿತ್ತು. ಸೌತೆಬಳ್ಳಿ ಬುಡದಲ್ಲೇ ಕೊಳೆತು ಮಲಗಿತ್ತು. ಕೋಲಿಗೆ ಹಬ್ಬಿಸಿದ ಹುರುಳಿಕಾಯಿ ಬಳ್ಳಿ ಮಾತ್ರ ದಷ್ಟಪುಷ್ಟವಾಗಿ, ಅಂಗೈಯಗಲದ ಎಲೆ ಹೊತ್ತು, ಮೊದಲ ಮಹಡಿಯ ಕಿಟಕಿಗೆ ಇಣುಕುತ್ತಿತ್ತು. ಕಾಯಿ ಬಿಡುವುದಿರಲಿ, ಒಂದು ಮೊಗ್ಗೂ ಇಲ್ಲ. ಊಟ ಬಲ, ಕೆಲಸ ನಾಸ್ತಿ.

ಮಣ್ಣು ಯಾವಾಗ ಮುಟ್ಟಿದರೂ ಒದ್ದೆ. ಪಕ್ಕದ ಗೋಡೆಯ ನೆರಳಿಗೆ ತೇವ ಆರುತ್ತಿಲ್ಲ ಎಂದುಕೊಂಡು ಅವಳು ನೀರು ಕಡಿಮೆ ಮಾಡಿದಳು. ಆಮೇಲೆ ಪೂರ್ತಿ ನಿಲ್ಲಿಸಿಯೇಬಿಟ್ಟಳು. ಆದರೂ ಒದ್ದೆ! ಅವಳ ತಲೆಗೆ ಹುಳ ಹೊಕ್ಕಿತು. ಸೆಕ್ರೆಟರಿಯೇ ಏನೋ ಮಾಡುತ್ತಿದ್ದಾರೆ. ಉಪ್ಪುನೀರೋ, ಸೋಪಿನ ನೀರೋ ತಂದು ಹೊಯ್ಯುತ್ತಿರಬೇಕು.

"ಛೆ, ಅವರು ಅಂಥೋರಲ್ಲ ಕಣೆ," ಎಂದ ಗಂಡ, ಸಂಜೆ ಕುರ್ಚಿಯ ಮೇಲೆ ಕೂತು. ಹೇಳುವಾಗ ಅವನು ಯಾಕೋ ಅವಳ ಮುಖ ನೋಡದೆ ಬದನೆ ಗಿಡ ನೋಡುತ್ತಿದ್ದ.

"ರೀ, ನೀವು ಬ್ರೆಡ್ ಸುಡಿ. ಮನುಷ್ಯರ ವಿಷಯ ನನಗೆ ಬಿಡಿ. ದಿನಾ ಇಡೀ ಬಸ್ಸು ನೋಡ್ತೀನಿ. ಟಿಕೆಟ್ ತಗೊಳ್ದೆ ಇರೋನ ಮುಖ ನನಗೆ ಹತ್ತು ಸೀಟು ದೂರದಿಂದ ಗೊತ್ತಾಗುತ್ತೆ."

ಪಕ್ಕದ ಕುರ್ಚಿಯಲ್ಲೇ ಕೂತಿದ್ದವನ ಮುಖ ಮಾತ್ರ ಅವಳಿಗೆ ಗೊತ್ತಾಗಲಿಲ್ಲ.

ದೇವರು ಕೊಟ್ಟರೆ ಹೀಗೆ ಕೊಡುತ್ತಾನೆ: ಮಾರನೆಯ ವಾರ ಅವಳ ಬಸ್ಸಿನ ಕ್ಲಚ್ಚು ಹೋಯಿತು. ಪ್ರಯಾಣಿಕರನ್ನೆಲ್ಲ ಹಿಂದಿನ ಬಸ್ಸಿಗೆ ಹತ್ತಿಸಿ, ಗಾಡಿಯನ್ನು ಡಿಪೋಗೆ ಸಾಗಿಸುವ ಹೊತ್ತಿಗೆ ಅವತ್ತಿನ ಡ್ಯೂಟಿ ಅಲ್ಲಿಗೇ ಮುಗಿದಿತ್ತು. ಬೆಳಗಿನ ಬಿಸಿಲಿನಲ್ಲಿ ಮನೆಗೆ ಬಂದು ಎಷ್ಟು ಕಾಲವಾಗಿತ್ತೋ! ಸಂತೋಷಕ್ಕೆ ಶಾಲೆ ತಪ್ಪಿಸಿಕೊಂಡ ಹುಡುಗಿಯ ಹಾಗೆ ಹಾರುತ್ತ ಬಂದಳು. ಮೇಲೆ ಹೋಗುವ ಮುಂಚೆ ಗಿಡ ನೋಡೋಣವೆಂದು ಹಿಂದಿನ ಗೇಟಿನಿಂದ ಹಿತ್ತಲಿಗೆ ನುಗ್ಗಿ, ಹುರುಳಿಕಾಯಿ ಚಪ್ಪರದ ಕೆಳಗೆ ಬಗ್ಗಿ ಮೊಗ್ಗು ಹುಡುಕುತ್ತಿದ್ದಳು.

ಧೊಪ್ಪನೆ ಅವಳ ತಲೆಯ ಮೇಲೆ ನೀರು ಬಿತ್ತು.

ಬಿಳಿ ಬಿಳಿ ನೀರು, ಅದರಲ್ಲಿ ಅಕ್ಕಿಯ ನುಚ್ಚು. ಕಣ್ಣು ಒರೆಸಿಕೊಂಡು ಮೇಲೆ ನೋಡಿದರೆ ಮೂರನೇ ಮಹಡಿಯ ಕಿಟಕಿಯಿಂದ ಖಾಲಿ ಪಾತ್ರೆ ಒಳಕ್ಕೆ ಸರಿಯುತ್ತಿತ್ತು. ಅದು ಅವಳದೇ ಪಾತ್ರೆ. "ಅತ್ತೇ!" ಎಂದು ಕೂಗಬೇಕೆನ್ನುವಷ್ಟರಲ್ಲಿ ಹಿಂಬಾಗಿಲು ಕಿರ್ರೆಂದಿತು. ಸರಿ, ಸೆಕ್ರೆಟರಿ ಬಂದರು, ಇವತ್ತು ಕೈಗೆ ಸಿಕ್ಕರು! ಎದ್ದು, ಒದ್ದೆ ಬೆಕ್ಕಿನ ಹಾಗೆ, ನೀರಿನ ತೊಟ್ಟಿಯ ಹಿಂದೆ ಅಡಗಿದಳು.

ಬಂದದ್ದು ಕೆಳಮನೆಯ ಟೈಲರು. ಕುತ್ತಿಗೆಯಲ್ಲಿ ಟೇಪು, ಕಿವಿಯ ಹಿಂದೆ ಸೀಮೆಸುಣ್ಣ, ಕೈಯಲ್ಲಿ ಚಹಾದ ಕೆಟಲು. ಸೀದಾ ಟೊಮೇಟೊ ಗಿಡದ ಹತ್ತಿರ ಹೋಗಿ, ತಣ್ಣಗಾದ ಚಹಾವನ್ನು ಚರಟದ ಸಮೇತ ಬುಡಕ್ಕೆ ಸುರಿದ. "ಕುಡಿಯೋ ಮಗಾ. ಆ ಯಮ್ಮಂಗೆ ಪುರುಸೊತ್ತಿಲ್ಲ, ನೀರೇ ಹಾಕ್ತಾ ಇಲ್ಲ ಈಗ. ನಾನಿದೀನಲ್ಲ, ಕುಡಿ," ಎಂದು ಮಾತನಾಡಿಸಿ, ಆ ಕಡೆ ಈ ಕಡೆ ನೋಡಿ ಒಳಗೆ ಹೋದ.

ಅವನ ಹಿಂದೆಯೇ ಮೊದಲ ಮಹಡಿಯ ನರ್ಸು ಬಂದಳು, ಆಸ್ಪತ್ರೆಯ ಪಾಳಿ ಮುಗಿಸಿ ಬಂದ ಬಟ್ಟೆಯಲ್ಲೇ, ತೂಕಡಿಸುತ್ತ. ಅವಳ ಕೈಯಲ್ಲಿ ಬಕೆಟ್ಟು. ಮನೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕಿದ್ದಳು, ಅದರ ಹಸಿರು ನೀರು. ಬದನೆಗೆ ಅರ್ಧ, ಮೂಲಂಗಿಗೆ ಅರ್ಧ. ಮೀನಿನ ನೀರು ಒಳ್ಳೆಯ ಗೊಬ್ಬರ ಎಂಬುದು ನಿಜ. ಟೈಲರಿನ ಚಹಾ ಕೂಡ ಗಿಡಕ್ಕೆ ಆಗದ್ದೇನಲ್ಲ, ಅತ್ತೆಯ ಅಕ್ಕಿ ನೀರೂ ಒಳ್ಳೆಯದೇ. ಎಲ್ಲವೂ ಒಳ್ಳೆಯದೇ! ದಿನಾ ಮೂರು ಮನೆಯ ಔತಣ ಉಂಡ ಗಿಡ ಎಲೆ ಬಿಡದೆ ಇನ್ನೇನು ಬಿಟ್ಟೀತು? ಹೊಟ್ಟೆ ತುಂಬಿದವನಿಗೆ ಮಕ್ಕಳುಮರಿಯ ಯೋಚನೆ ಎಲ್ಲಿಂದ ಬರಬೇಕು?

ಕಂಡಕ್ಟರಮ್ಮ ಕೂಗಬೇಕೋ ನಗಬೇಕೋ ತಿಳಿಯದೆ ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲಿ ಬಾಗಿಲು ಮತ್ತೆ ಸದ್ದು ಮಾಡಿತು. ಈ ಸಲ ಬಂದವರು ಸೆಕ್ರೆಟರಿ.

ಇಸ್ತ್ರಿ ಮಾಡಿದ ಅಂಗಿ, ಮೂಗಿನ ತುದಿಗೆ ಕನ್ನಡಕ. ಕೈಯಲ್ಲಿ ಅಳತೆಯ ಗೆರೆ ಹಾಕಿದ ಜಗ್ಗು. ಸಾಲಿನ ಮುಂದೆ ನಿಂತು ಜಗ್ಗನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿದರು. ಒಂದು ತೊಟ್ಟು ಹೆಚ್ಚಿತ್ತೆಂದು ಕಾಣುತ್ತದೆ, ಅದನ್ನು ಕಲ್ಲಿನ ಮೇಲೆ ಚೆಲ್ಲಿದರು. ಆಮೇಲೆ ಹುರುಳಿಕಾಯಿಯ ಬುಡಕ್ಕೆ, ಔಷಧಿ ಕುಡಿಸಿದ ಹಾಗೆ, ನಿಧಾನವಾಗಿ ಹೊಯ್ಯತೊಡಗಿದರು.

ಕಂಡಕ್ಟರಮ್ಮನ ಕೊರಳಲ್ಲಿ ಸೀಟಿ ಇತ್ತು. ಅದು ಹೇಗೆ ಬಾಯಿಗೆ ಬಂತೋ ಅವಳಿಗೇ ಗೊತ್ತಿಲ್ಲ. ಒಂದು ಸೀಟಿ ಎಂದರೆ ಬಸ್ಸು ನಿಲ್ಲಬೇಕು. ಅವಳು ಊದಿದ್ದು ಒಂದೇ, ಆದರೆ ಎಂಥ ಸೀಟಿ! ಪಾರಿವಾಳಗಳು ಛಾವಣಿ ಬಿಟ್ಟು ಹಾರಿದವು, ಸೆಕ್ರೆಟರಿಯ ಜಗ್ಗು ನೆಲಕ್ಕೆ ಬಿತ್ತು, ಟೈಲರು ಕೆಟಲಿನ ಸಮೇತ ಓಡಿಬಂದ, ಮೆಟ್ಟಿಲು ಹತ್ತುತ್ತಿದ್ದ ನರ್ಸು ನಿದ್ದೆ ಹಾರಿ ಕೆಳಗಿಳಿದಳು. ಕಟ್ಟಡದ ಕಿಟಕಿಗಳೆಲ್ಲ ತೆರೆದುಕೊಂಡವು.

"ಯಾರ್ರೀ ನನ್ನ ಹಿತ್ತಲಿಗೆ ನೀರು ಹಾಕ್ತಾ ಇರೋರು?" ಎಂದು ಅವಳು ಕೂಗಿದ್ದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ ಟೈಲರು ಕೆಟಲನ್ನು ಬೆನ್ನ ಹಿಂದೆ ಅಡಗಿಸಿದ.

"ನಾನು ಬರೀ ಚಹಾ ಅಕ್ಕಾ. ನೀರಲ್ಲ," ಎಂದ.

"ನೀವು ನೀರು ಹಾಕೋದು ಬಿಟ್ಬಿಟ್ರಿ ಅಂತ..." ಎಂದಳು ನರ್ಸು. "ಡ್ಯೂಟಿ ಜಾಸ್ತಿಯಾಗಿ ಸುಸ್ತಾಗಿದ್ದೀರೇನೋ ಅಂದ್ಕೊಂಡೆ. ಪಂದ್ಯ ಬೇರೆ ಕಟ್ಟಿದ್ದೀರಲ್ಲ."

"ನಾನೇನು ಮಾಡ್ದೆ ಈಗ?" ಎಂದರು ಮೇಲಿನಿಂದ ಅತ್ತೆ, ಯಾರೂ ಕೇಳದೆಯೇ. "ಕಿಟಕಿ ಕೆಳಗೆ ಗಿಡ ನೆಟ್ಟಿದ್ದು ನೀನು. ನೀರು ಬೀಳದೆ ಇರುತ್ತಾ?"

ಉಳಿದವರು ಸೆಕ್ರೆಟರಿ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ನೋಡೀಮ್ಮ, ಪಂದ್ಯ ಅಂದ್ಮೇಲೆ ಸಮವಾಗಿರ್ಬೇಕು. ಗಿಡ ಒಣಗ್ತಾ ಇದ್ರೂ ಸಿಮೆಂಟಿನ ಆಸೆಗೆ ಕಣ್ಣುಮುಚ್ಚಿ ಕೂತ ಅಂತ ನಾಳೆ ಯಾರೂ ನನ್ನನ್ನ ಅನ್ಬಾರ್ದು. ಅದಕ್ಕೇ ದಿನಕ್ಕೆ ಒಂದು ಲೀಟರು. ಹೆಚ್ಚೂ ಇಲ್ಲ, ಕಮ್ಮಿನೂ ಇಲ್ಲ."

"ನಾನು ಬಿಟ್ಟೆ ಅಂತ ನೀವೆಲ್ಲ ಹಾಕಿದ್ರಿ. ನೀವು ಹಾಕಿ ಒದ್ದೆ ಆಯ್ತು ಅಂತ ನಾನು ಬಿಟ್ಟೆ," ಎಂದಳು ಕಂಡಕ್ಟರಮ್ಮ ನಿಧಾನವಾಗಿ. ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು. ತಲೆಯಿಂದ ಅಕ್ಕಿಯ ನುಚ್ಚು ಉದುರುವಷ್ಟು ನಕ್ಕಳು. ನಗುತ್ತಲೇ ಅಳು ಬಂತು. ಇಷ್ಟು ದಿನ ಕಟ್ಟಡವೆಲ್ಲ ತನ್ನ ಸೋಲಿಗೆ ಕಾದು ಕೂತಿದೆ ಎಂದು ಅವಳು ನಂಬಿದ್ದಳು. ಒಬ್ಬೊಬ್ಬರೂ ಕದ್ದು ಮುಚ್ಚಿ ತನ್ನನ್ನು ಗೆಲ್ಲಿಸಲು ನೋಡುತ್ತಿದ್ದರು! ಸುಖವಾಯಿತು ಅವಳಿಗೆ, ನಾಚಿಕೆಯೂ ಆಯಿತು. ಮೂಗು ಒರೆಸಿಕೊಂಡು ಹೇಳಿದಳು: "ಅತಿಯಾದ್ರೆ ಅಮೃತಾನೂ ವಿಷ ಅಂತಾರಲ್ಲ. ನಿಮ್ಮ ಪ್ರೀತಿಗೆ ನನ್ನ ಗಿಡ ಮುಳುಗಿ ಸಾಯ್ತಾ ಇದೆ ಕಣ್ರೋ!"

ನರ್ಸು ಅವಳ ಭುಜ ಹಿಡಿದುಕೊಂಡಳು. "ಹೋಗ್ಲಿ ಬಿಡಿ ಅಕ್ಕಾ. ಮೀಟಿಂಗಲ್ಲಿ ನಾವೆಲ್ಲ ಸಿಮೆಂಟು ಬೇಡ ಅಂತೀವಿ. ಮುಗೀತು."

"ಮುಗಿಯಲ್ಲ," ಎಂದಳು ಕಂಡಕ್ಟರಮ್ಮ. "ಮಾತು ಕೊಟ್ಟೋಳು ನಾನು. ಟಿಕೆಟ್ ಇಲ್ಲದೆ ನನ್ನ ಬಸ್ಸಲ್ಲಿ ಯಾರನ್ನೂ ಬಿಟ್ಟೋಳಲ್ಲ, ಈಗ ನಾನೇ ಹಾಗೆ ಹೋಗ್ಲಾ? ಕರುಣೆಗೆ ಸಿಗೋ ಹಿತ್ತಲು ನನಗೆ ಬೇಡ. ಮೀಟಿಂಗಿಗೆ ಇನ್ನೂ ಒಂದು ತಿಂಗಳಿದೆ. ಇವತ್ತಿಂದ ಒಂದು ತೊಟ್ಟು ನೀರು ಯಾರೂ ಹಾಕ್ಬಾರ್ದು. ಚಹಾನೂ ಇಲ್ಲ, ಮೀನೂ ಇಲ್ಲ. ಅತ್ತೇ, ಕೇಳಿಸ್ತಾ?"

"ನನಗೆ ಕಿವಿ ಸರಿಯಾಗೇ ಇದೆ," ಎಂದು ಕಿಟಕಿ ಮುಚ್ಚಿಕೊಂಡಿತು.

ಸಂಜೆ ಗಂಡ ಎದ್ದು ಬಂದಾಗ ಅವಳು ಎಲ್ಲವನ್ನೂ ಕೈಬಾಯಿ ಆಡಿಸಿ, ಸೆಕ್ರೆಟರಿಯ ನಡಿಗೆಯನ್ನೂ ನಡೆದು ತೋರಿಸಿ ಹೇಳಿದಳು. ಅವನು ನಗಲೇ ಇಲ್ಲ. ಕುರ್ಚಿಯ ತುದಿಯಲ್ಲಿ ಕೂತು ಚಪ್ಪಲಿಯಿಂದ ಮಣ್ಣು ಕೆದಕುತ್ತಿದ್ದ.

"ಏನ್ರೀ?"

"ಅದು... ಬೇಕರೀಲಿ ಈಸ್ಟ್ ಕಲಸಿದ ನೀರು ಉಳಿಯುತ್ತಲ್ಲ. ಡಬ್ಬೀಲಿ ತಂದು ಮಧ್ಯಾಹ್ನ ಮೂಲಂಗಿಗೆ ಹಾಕ್ತಿದ್ದೆ."

"ಈಸ್ಟಾ? ಯಾಕ್ರೀ?"

"ಹಿಟ್ಟು ಉಬ್ಬುತ್ತಲ್ಲ ಕಣೆ. ಮೂಲಂಗೀನೂ ಉಬ್ಬುತ್ತೇನೋ ಅಂತ."

ಆ ದಿನ ಅವಳು ನಕ್ಕ ನಗು ಮೂರು ಮಹಡಿಗೂ ಕೇಳಿಸಿತು. ಅವನೂ ಕೊನೆಗೆ ನಕ್ಕ. ಕತ್ತಲಾಗುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು. ಸಿಮೆಂಟು ಬಿದ್ದರೆ ಈ ಕುರ್ಚಿಗಳು ಎಲ್ಲಿಗೆ ಹೋಗುತ್ತವೆ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಮಾರನೆಯ ರಜೆಗೆ ಟೈಲರಣ್ಣ ತಾನೇ ಗುದ್ದಲಿ ತಂದ. ಸಾಲುಗಳ ನಡುವೆ ಕಾಲುವೆ ತೆಗೆದು, ನಿಂತ ನೀರನ್ನು ಗೇಟಿನ ಆಚೆಗೆ ಹರಿಸಿದರು. ಕೊಳೆತ ಸೌತೆಬಳ್ಳಿ ಕಿತ್ತು ಹಾಕಿದರು. ಟೊಮೇಟೊ, ಬದನೆ, ಮೂಲಂಗಿಗಳ ಆಸೆ ಬಿಟ್ಟರು; ಮೂಲಂಗಿ ಸೊಪ್ಪು ಹಂಚಿ ತರಕಾರಿ ಎನ್ನಲು ಕಂಡಕ್ಟರಮ್ಮ ಒಪ್ಪಲಿಲ್ಲ. ಇನ್ನೇನಿದ್ದರೂ ಹುರುಳಿಕಾಯಿಯೇ ಗತಿ. ಅದರ ಎಲೆಯನ್ನು ಒಂದಿಷ್ಟು ಚಿವುಟಿ ಬೆಳಕು ಬಿಟ್ಟರು. ಆಮೇಲೆ ಶುರುವಾಯಿತು ನೋಡಿ ನಿಜವಾದ ಕಷ್ಟ: ಏನೂ ಮಾಡದೆ ಇರುವುದು.

ಎಂಟು ಮನೆಗೂ ಕೈ ತುರಿಸುತ್ತಿತ್ತು. ಟೈಲರು ಉಳಿದ ಚಹಾವನ್ನು ತಾನೇ ಕುಡಿದು ಕುಡಿದು ನಿದ್ದೆಗೆಟ್ಟ. ನರ್ಸು ಮೀನಿನ ನೀರನ್ನು ಬೀದಿಯಾಚೆಯ ಮರಕ್ಕೆ ಹೊತ್ತಳು. ಅತ್ತೆ ಪಾತ್ರೆ ಹಿಡಿದು ಕಿಟಕಿಯವರೆಗೆ ಬಂದು, ನಾಲಿಗೆ ಕಚ್ಚಿಕೊಂಡು, ಹಿಂದಕ್ಕೆ ಹೋಗುತ್ತಿದ್ದರು. ಎಲ್ಲರಿಗಿಂತ ಕಷ್ಟವಾದದ್ದು ಕಂಡಕ್ಟರಮ್ಮನಿಗೇ. ಅವಳು ಸುಮ್ಮನೆ ಕೂರಲು ಹುಟ್ಟಿದವಳೇ ಅಲ್ಲ. ಬಸ್ಸಿನಲ್ಲಿ ನಿಂತೇ ಇರುವವಳು, ಮನೆಗೆ ಬಂದರೂ ನಿಂತೇ ಇರುವವಳು. ಮಣ್ಣು ಆರಿ ಬಿರುಕು ಬಿಟ್ಟಿತು. ಒಂದು ಮಧ್ಯಾಹ್ನ ಬಳ್ಳಿಯ ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಅವತ್ತು ಅವಳಿಗೆ ರಜೆ. ಸೆಕ್ರೆಟರಿ ಜಗ್ಗು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅರ್ಧ ಲೀಟರು," ಎಂದರು. "ಬೇಡ, ಕಾಲು."

"ಬೇಡ ಸಾರ್."

"ಸತ್ತುಹೋಗುತ್ತೇಮ್ಮ!"

"ತಾಳಿದವನು ಬಾಳಿಯಾನು ಸಾರ್," ಎಂದಳು ಅವಳು. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಳು, ಇಲ್ಲದಿದ್ದರೆ ಅವೇ ಹೋಗಿ ನಲ್ಲಿ ತಿರುಗಿಸುತ್ತಿದ್ದವು. ತನ್ನ ಹಟಕ್ಕೆ ಉಳಿದ ಒಂದೇ ಬಳ್ಳಿಯನ್ನೂ ಕೊಲ್ಲುತ್ತಿದ್ದೇನೆಯೇ ಎಂದು ಅವಳಿಗೆ ನಿಜವಾಗಿ ಭಯವಾಯಿತು. ಬಿಸಿಲು ಇಳಿಯಿತು. ಸಂಜೆ ಗಾಳಿ ಬೀಸಿತು. ಜೋತುಬಿದ್ದ ಎಲೆಗಳು ಒಂದೊಂದಾಗಿ ತಲೆ ಎತ್ತಿದವು. ಹೊಟ್ಟೆಬಾಕ ಬಳ್ಳಿಗೆ ಮೊದಲ ಸಲ ಹಸಿವು ಗೊತ್ತಾಗಿತ್ತು, ಅಷ್ಟೆ.

ಅದಾಗಿ ಕೆಲವೇ ದಿನ. ಬೆಳಿಗ್ಗೆ ಡ್ಯೂಟಿಗೆ ಹೊರಟವಳು ಬ್ಯಾಗು ಹೆಗಲಿಗೇರಿಸಿ ರೂಢಿಯ ಹಾಗೆ ಬಳ್ಳಿಯ ಹತ್ತಿರ ಬಗ್ಗಿದಳು. ಎಲೆಯ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮೊಗ್ಗು! ಒಂದಲ್ಲ, ಜೋಡಿ. ಅದರ ಪಕ್ಕ ಇನ್ನೊಂದು ಜೋಡಿ! ಊರು ಮಲಗಿದೆ ಎಂಬುದನ್ನೂ ಮರೆತು ಸೀಟಿ ಊದಿದಳು. ಈ ಸಲ ಎರಡು. ಎರಡು ಸೀಟಿ ಎಂದರೆ ಬಸ್ಸು ಹೊರಡಬಹುದು. ಕಿಟಕಿಗಳಲ್ಲಿ ಮುಖಗಳು ಮೂಡಿದವು. ಯಾರೂ ಬೈಯಲಿಲ್ಲ. ಬೈಯುವ ಬದಲು ಎಲ್ಲರೂ ಇಳಿದು ಬಂದು, ಒಬ್ಬರ ಹಿಂದೆ ಒಬ್ಬರು ನಿಂತು, ಆ ಮೊಗ್ಗನ್ನು ಇಣುಕಿ ನೋಡಿ ಹೋದರು. ಅವಳು ಅವತ್ತು ಒಂದೇ ಒಂದು ಚೊಂಬು ನೀರು ಹಾಕಿದಳು. ಸೆಕ್ರೆಟರಿ ಜಗ್ಗಿನಲ್ಲಿ ಅಳೆದು ಕೊಟ್ಟರು.

ಹೂವಾಯಿತು. ಹೂವು ಉದುರಿ ದಾರದಂಥ ಎಳೆಗಾಯಿ ಬಂತು. ದಿನಗಳು ಮಾತ್ರ ಬಸ್ಸಿಗಿಂತ ಜೋರಾಗಿ ಓಡುತ್ತಿದ್ದವು. ಬಸ್ಸಿನಲ್ಲೂ ಅದೇ ಧ್ಯಾನ ಅವಳಿಗೆ. ಡ್ರೈವರು ಹತ್ತುತ್ತಲೇ ಕೇಳುತ್ತಿದ್ದ: "ಎಷ್ಟುದ್ದ ಆಯ್ತು?" ಅವಳು ಬೆರಳು ತೋರಿಸುತ್ತಿದ್ದಳು. ದಿನಾ ಬರುವ ಪ್ರಯಾಣಿಕರೂ ಕೇಳತೊಡಗಿದರು. "ಮುಂದೆ ಹೋಗಿ, ಮುಂದೆ ಹೋಗಿ, ಉಗುರಿನಷ್ಟಾಗಿದೆ, ಮುಂದೆ ಹೋಗಿ" ಎಂದು ಅವಳು ಟಿಕೆಟ್ ಹರಿಯುತ್ತಿದ್ದಳು.

ಮೀಟಿಂಗಿನ ಸಂಜೆ ಬಂದೇಬಿಟ್ಟಿತು. ಸಭೆ ಹಿತ್ತಲಿನಲ್ಲೇ. ಅತ್ತೆಯನ್ನು ಅವರ ಮಗನೂ ಟೈಲರೂ ಕುರ್ಚಿಯ ಸಮೇತ ಹೊತ್ತು ಇಳಿಸಿದ್ದರು. ಎಲ್ಲರೂ ಕೂತ ಮೇಲೆ ಕಂಡಕ್ಟರಮ್ಮ ಬಳ್ಳಿಗೆ ಕೈ ಹಾಕಿದಳು. ಕೀಳುವ ಹದಕ್ಕೆ ಬಂದ ಕಾಯಿ ಎಷ್ಟೆಂದು ಅವಳಿಗೆ ಬೆಳಿಗ್ಗೆಯೇ ಗೊತ್ತಿತ್ತು. ಆದರೂ ಎಲೆ ಎಲೆ ಎತ್ತಿ ಮತ್ತೊಮ್ಮೆ ಹುಡುಕಿದಳು. ಮಿಕ್ಕವೆಲ್ಲ ಇನ್ನೂ ದಾರ. ಬೆಳೆದದ್ದು ಏಳು. ಮನೆ ಎಂಟು.

ಬಸ್ಸಿನ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಕಾಯಿಗಳನ್ನು ಅದರೊಳಗೆ ಹಾಕಿ, ಎದೆ ಎತ್ತಿ, ಸಾಲಾಗಿ ಕೂತವರ ಮುಂದೆ ಹೊರಟಳು. "ಟಿಕೆಟ್, ಟಿಕೆಟ್! ಯಾರಿಗ್ರೀ ಟಿಕೆಟ್?" ಎಂದು ಒಂದೊಂದು ಮನೆಗೂ ಒಂದೊಂದು ಹುರುಳಿಕಾಯಿ ಕೊಟ್ಟಳು. ಟೈಲರು ತನ್ನದನ್ನು ಟೇಪಿನಲ್ಲಿ ಅಳೆದು ಎಲ್ಲರಿಗೂ ತೋರಿಸಿದ. ನರ್ಸು ಮೂಸಿ ನೋಡಿ ಕೆನ್ನೆಗೆ ಒತ್ತಿಕೊಂಡಳು. ಏಳನೆಯದು ಸೆಕ್ರೆಟರಿಯ ಕೈಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸೆಕ್ರೆಟರಿ ತಟ್ಟಲಿಲ್ಲ. ಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು, ತೂಕ ನೋಡುವವರ ಹಾಗೆ ಕೈಯನ್ನು ಎರಡು ಸಲ ಮೇಲೆ ಕೆಳಗೆ ಆಡಿಸಿದರು.

"ಮಾತು ಏನಿತ್ತಮ್ಮ?"

"ಪ್ರತಿ ಮನೆಗೂ ತರಕಾರಿ, ಸಾರ್."

"ಇಷ್ಟು ಕೊಡ್ತೀನಿ ಅಂತ ನೀವು ಹೇಳಿರ್ಲಿಲ್ಲ. ಹಾಗಾಗಿ ಒಂದೊಂದೇ ಕೊಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಆದ್ರೆ ಮನೆ ಎಂಟು. ನಿಮ್ಮ ಮನೆಗೆಲ್ಲಿ?"

ಚಪ್ಪಾಳೆ ನಿಂತಿತು. ಕಂಡಕ್ಟರಮ್ಮ ಖಾಲಿ ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಡಿಸುವವಳು ತನಗೆ ಬಡಿಸಿಕೊಳ್ಳುವುದುಂಟೇ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಅವಳಿಗೆ ಸುಳ್ಳು ಲೆಕ್ಕ ಬರುವುದಿಲ್ಲ. ಗಂಡನ ಮುಖ ನೋಡಿದಳು, ಕುರ್ಚಿಗಳನ್ನು ನೋಡಿದಳು.

"ಇಲ್ಲ ಸಾರ್," ಎಂದಳು. "ಒಂದು ಕಮ್ಮಿ ಬಿತ್ತು. ನಾನು ಸೋತೆ."

"ಸ್ವಲ್ಪ ಇರೀಮ್ಮ. ಮೀಟಿಂಗು ಇನ್ನೂ ಮುಗಿದಿಲ್ಲ," ಎಂದರು ಸೆಕ್ರೆಟರಿ. ಕನ್ನಡಕವನ್ನು ಮೂಗಿಗೆ ಏರಿಸಿ, ಹುರುಳಿಕಾಯಿಯನ್ನು ಬೆಳಕಿಗೆ ಹಿಡಿದು, ನಟ್ಟನಡುವೆ ಎಲ್ಲೆಂದು ಹೆಬ್ಬೆರಳ ಉಗುರಿನಿಂದ ಗುರುತು ಮಾಡಿದರು. ಎಳೆಯ ಕಾಯಿ ಟಪ್ಪೆಂದು ಮುರಿದ ಸದ್ದು ಕೊನೆಯ ಕುರ್ಚಿಗೂ ಕೇಳಿಸಿತು. ಒಂದು ಅರ್ಧವನ್ನು ಅವಳ ಕೈಯಲ್ಲಿಟ್ಟರು.

"ಇದು ನಿಮ್ಮ ಮನೆಗೆ. ಈಗ ಎಂಟಕ್ಕೂ ಮುಟ್ಟಿತು. ಸಮ."

ಅವಳು ಅರ್ಧ ಕಾಯಿ ಹಿಡಿದ ಕೈಯಿಂದಲೇ ಕಣ್ಣು ಒರೆಸಿಕೊಂಡಳು.

"ಅಳೋದು ಆಮೇಲೆ ಅಳು, ಮೊದ್ಲು ನನ್ನ ಪಾಲು ಕೊಡೇ," ಎಂದರು ಅತ್ತೆ.

ಅರ್ಧ ಕಾಯಿಯನ್ನು ಅವಳು ಮೂರು ತುಂಡು ಮಾಡಿದಳು. ಅತ್ತೆಗೊಂದು, ಗಂಡನಿಗೊಂದು, ತನಗೊಂದು. ಗಂಡ ಅಗಿಯುತ್ತ, ಯಾರಿಗೂ ಕಾಣದ ಹಾಗೆ, ತನ್ನ ಕುರ್ಚಿಯನ್ನು ಅವಳ ಕುರ್ಚಿಯ ಪಕ್ಕಕ್ಕೆ ಎಳೆದಿಟ್ಟ. ಕಂಡಕ್ಟರಮ್ಮ ಎರಡು ಸೀಟಿ ಊದಬೇಕೆಂದು ಕೊರಳಿಗೆ ಕೈ ಹಾಕಿದಳು. ಆದರೆ ಬಾಯಲ್ಲಿ ಹುರುಳಿಕಾಯಿ ಇತ್ತು.